ಬೆನ್ನೆಲುಬಿನ ಮೇಲೆ ಕಂಡ ಡಬ್ಬಿ

ಎಕ್ಸ್-ರೇ ಕೋಣೆಗೆ ಹೊಸದಾಗಿ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು, ಚೆಂದವಾಗಿ ಬಂದ ಚಿತ್ರವನ್ನು ನಂಬಬೇಡಿ ಎಂದು. ಮೂವತ್ತೊಂದು ವರ್ಷ ನಾನು ಚೆಂದದ ಚಿತ್ರ ತೆಗೆಯುವವನೆಂದೇ ಹೆಸರು ಪಡೆದಿದ್ದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳಲ್ಲೇ ನನ್ನ ವರ್ಗಾವಣೆಗಳೆಲ್ಲ ಮುಗಿದವು. ಇಲ್ಲಿ ಬರೆಯುವ ಸಂಗತಿ ಯಾವ ಊರಿನ ಆಸ್ಪತ್ರೆಯಲ್ಲಿ ನಡೆಯಿತೆಂದು ಹೇಳುವುದಿಲ್ಲ. ತಪ್ಪು ನನ್ನದು, ಆಸ್ಪತ್ರೆಯದಲ್ಲ. ನೆನಪಿದ್ದದ್ದನ್ನು ನೆನಪಿದೆ ಎಂದೂ, ಊಹಿಸಿದ್ದನ್ನು ಊಹೆ ಎಂದೂ ಬೇರೆ ಬೇರೆಯಾಗಿಯೇ ಬರೆಯುತ್ತೇನೆ.

ನಾನು ಸೇರಿದಾಗ ಕತ್ತಲೆ ಕೋಣೆಯ ಕಾಲ. ಫಿಲ್ಮನ್ನು ರಾಸಾಯನಿಕದಲ್ಲಿ ಅದ್ದಿ, ತೊಳೆದು, ಬಟ್ಟೆ ಒಣಹಾಕಿದಂತೆ ತೂಗುಹಾಕುತ್ತಿದ್ದೆವು. ಗೋಡೆಯ ಮೇಲೆ ಒಂದು ಪಟ್ಟಿ ಇರುತ್ತಿತ್ತು: ಕೈಗೆ ಇಷ್ಟು ಕೆ.ವಿ., ಸೊಂಟಕ್ಕೆ ಇಷ್ಟು ಕೆ.ವಿ. ಕೆ.ವಿ. ಎಂದರೆ ಕಿರಣಕ್ಕೆ ಎಷ್ಟು ಜೋರು ಕೊಡಬೇಕು ಎಂಬ ಲೆಕ್ಕ. ಗಟ್ಟಿ ಎಲುಬು ಕಿರಣವನ್ನು ತಡೆಯುತ್ತದೆ, ಫಿಲ್ಮಿನ ಮೇಲೆ ಬೆಳ್ಳಗೆ ಕಾಣುತ್ತದೆ. ಒಳಗೆ ಸವೆದು ಜರಡಿಯಂತಾದ ಎಲುಬು ತಡೆಯುವುದಿಲ್ಲ. ಪಟ್ಟಿಯಲ್ಲಿದ್ದಷ್ಟೇ ಜೋರು ಕೊಟ್ಟರೆ ಮುದುಕಿಯರ ಕೈ ಮಸಿಯಂತೆ ಕಪ್ಪಗೆ ಬರುತ್ತಿತ್ತು.

ಆಗಿನ ಹಿರಿಯ ಸರ್ಜನ್ನರಿಗೆ ಕಪ್ಪು ಫಿಲ್ಮ್ ಕಂಡರೆ ಸಿಟ್ಟು. ಒಮ್ಮೆ ಹೊರರೋಗಿಗಳೆಲ್ಲರ ಎದುರು ಫಿಲ್ಮನ್ನು ನನ್ನ ಕೈಗೆ ವಾಪಸ್ಸು ಕೊಟ್ಟು, "ಇದೇನ್ ಎಲುಬಿನ ಫೋಟೋನೊ, ಅಮಾಸಿ ಫೋಟೋನೊ? ಮತ್ತೊಂದ್ ತಗಿ" ಎಂದರು. ಎಲ್ಲರೂ ನಕ್ಕರು. ಅಂದಿನಿಂದ ನಾನು ರೋಗಿ ಬಾಗಿಲಲ್ಲಿ ಕಾಣಿಸಿಕೊಂಡಾಗಲೇ ಅಂದಾಜು ಮಾಡತೊಡಗಿದೆ. ಬೆನ್ನು ಬಾಗಿದ ಮುದುಕಿಯಾದರೆ ಕೆ.ವಿ. ಐದು ಇಳಿಸು, ತೀರ ಸಣಕಲಾಗಿದ್ದರೆ ಎಂಟು ಇಳಿಸು. ಚಿತ್ರ ಬೆಳ್ಳಗೆ, ಅಚ್ಚುಕಟ್ಟಾಗಿ ಬರುತ್ತಿತ್ತು. ಸರ್ಜನ್ನರು ಮೆಚ್ಚಿದರು. ಮುರಿದ ಗೆರೆ ಕಾಣುತ್ತಿತ್ತು, ಪ್ಲಾಸ್ಟರ್ ಬೀಳುತ್ತಿತ್ತು, ಮುದುಕಿ ಮನೆಗೆ ಹೋಗುತ್ತಿದ್ದಳು.

ಆ ಎಲುಬು ಮೊದಲೇ ಸವೆದಿತ್ತು ಎಂಬ ಸುದ್ದಿ ನನ್ನ ಬೆರಳಿಗೆ ಗೊತ್ತಿತ್ತು, ಫಿಲ್ಮಿನಲ್ಲಿ ಇರುತ್ತಿರಲಿಲ್ಲ. ಅದನ್ನು ಅಳಿಸಿದವನು ನಾನೇ. ಹೀಗೆ ಹದಿನೆಂಟು ವರ್ಷ.

ಇದನ್ನು ಹಿಡಿದವರು ಡಾಕ್ಟರ್ ವೀಣಾ. ಎಲುಬಿನ ವೈದ್ಯೆಯಾಗಿ ನಮ್ಮಲ್ಲಿಗೆ ಬಂದಾಗ ಅವರಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ಬಂದ ಎರಡನೆಯ ವಾರ, ಎಮ್ಮೆ ಹಗ್ಗ ಜಗ್ಗಿದ್ದಕ್ಕೆ ಮಣಿಕಟ್ಟು ಮುರಿದುಕೊಂಡ ಒಬ್ಬ ಹೆಂಗಸಿನ ಫಿಲ್ಮನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆಸಿದರು.

"ಎಷ್ಟು ಕೆ.ವಿ. ಇಟ್ಟಿದ್ರಿ?"

ಹೇಳಿದೆ.

"ಪಟ್ಟಿಯೊಳಗ ಎಷ್ಟೈತಿ?"

ಅದನ್ನೂ ಹೇಳಿದೆ.

"ಹಂಗಾದ್ರ ಯಾಕ ಇಳಿಸಿದ್ರಿ?"

"ಮುದುಕೇರ ಎಲುಬು ಹಗರ ಇರತಾವ್ರಿ ಮೇಡಂ. ಇಳಿಸಲಿಲ್ಲಂದ್ರ ಕಾಣೂದಿಲ್ಲ."

ಅವರು ಫಿಲ್ಮನ್ನು ಮೇಜಿನ ಮೇಲಿಟ್ಟರು. "ಅದನ್ನ ನಂಗ ಹೇಳಬೇಕಲ್ರಿ. ಹಗರ ಅದಾವ ಅನ್ನೂದ ರೋಗ. ಕೈ ಮುರದಿದ್ದು ಆ ರೋಗದ್ದು ಒಂದು ಚೀಟಿ, ಅಷ್ಟ."

ಆ ದಿನದಿಂದ ಪ್ರತಿ ಲಕೋಟೆಯ ಮೇಲೆ ಕೆ.ವಿ. ಬರೆಯುವುದು ರೂಢಿಯಾಯಿತು. ನಾನು ಬೇರೊಂದು ನೋಟುಬುಕ್ಕಿನಲ್ಲಿ ಊರು, ವಯಸ್ಸು, ಪಟ್ಟಿಗಿಂತ ಎಷ್ಟು ಇಳಿಸಿದೆ ಎಂಬುದನ್ನೂ ಬರೆಯತೊಡಗಿದೆ. ಈಗಿನ ಯಂತ್ರಗಳು ಫಿಲ್ಮಿಲ್ಲದೆ ಕಂಪ್ಯೂಟರಿನಲ್ಲೇ ಚಿತ್ರ ತೋರಿಸುತ್ತವೆ. ಕಪ್ಪಾಗಿದ್ದರೆ ತಾವೇ ತಿದ್ದಿ ಚೆಂದ ಮಾಡುತ್ತವೆ. ನಾನು ಕೈಯಿಂದ ಮಾಡುತ್ತಿದ್ದ ಸುಳ್ಳನ್ನು ಈಗ ಯಂತ್ರ ಕೇಳದೆ ಮಾಡುತ್ತದೆ. ಹೊಸಬರು ಇದನ್ನು ಗಮನದಲ್ಲಿಡಬೇಕು. ಎಲುಬು ಸಾಕಷ್ಟು ಸವೆಯುವ ತನಕ ಎಕ್ಸ್-ರೇ ಏನನ್ನೂ ಹೇಳುವುದಿಲ್ಲ. ಎಲುಬಿನ ಸಾಂದ್ರತೆ ಅಳೆಯುವ ಯಂತ್ರವೇ ಬೇರೆ. ಅದಕ್ಕೆ ನಾವು ಮಿರಜಿಗೆ ಚೀಟಿ ಬರೆದು ಕಳಿಸುತ್ತಿದ್ದೆವು.

ವೀಣಾ ಮೇಡಂ ಸಂಶಯ ಪಡುವುದನ್ನು ಕಲಿಸಿದರು. ಎಲ್ಲಿ ನಿಲ್ಲಿಸಬೇಕೆಂಬುದನ್ನು ನಾನು ಕಲಿಯಲಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ನಿಪ್ಪಾಣಿಯ ಕಡೆ ಒಂದು ಕಲ್ಯಾಣ ಮಂಟಪದಲ್ಲಿ ಉಚಿತ ಎಲುಬು ತಪಾಸಣೆ ನಡೆದಿತ್ತು. ಒಂದು ಸಣ್ಣ ಪೆಟ್ಟಿಗೆಯೊಳಗೆ ಹಿಮ್ಮಡಿ ಇಟ್ಟರೆ ಚೀಟಿ ಬರುತ್ತಿತ್ತು. ಪಕ್ಕದ ಮೇಜಿನ ಮೇಲೆ ಹಾಲಿಗೆ ಬೆರೆಸುವ ಪುಡಿಯ ಡಬ್ಬಗಳು. ಬಂದವರಿಗೆಲ್ಲ "ಎಲುಬು ದುರ್ಬಲ" ಎಂದೇ ಚೀಟಿ. ನನ್ನ ಮುಂದೆ ನಿಂತಿದ್ದವನು ತಾಲೀಮಿನ ಪೈಲ್ವಾನ, ಕುತ್ತಿಗೆ ನನ್ನ ತೊಡೆಯಷ್ಟು ದಪ್ಪ. ಅವನ ಚೀಟಿಯಲ್ಲೂ ದುರ್ಬಲ.

"ಅಣ್ಣಾರ, ಇದನ್ನ ನಮ್ಮಪ್ಪಗ ಹೇಳಬ್ಯಾಡ್ರಿ" ಎಂದ. "ಇನ್ನೊಂದ್ ಎಮ್ಮಿ ತಂದ ಕಟ್ಟತಾನ, ಸೆಗಣಿ ಬಳ್ಯಾವ್ನ ನಾನ."

ನಾನು ಹಿಮ್ಮಡಿ ಇಟ್ಟು ಚೀಟಿ ಪಡೆದೆ. ಮತ್ತೆ ಸರದಿಯಲ್ಲಿ ನಿಂತು ಬೇರೆ ಹೆಸರು ಹೇಳಿ ಅದೇ ಹಿಮ್ಮಡಿ ಇಟ್ಟೆ. ಎರಡು ಚೀಟಿಗಳಲ್ಲಿ ಎರಡು ಬೇರೆ ಅಂಕಿಗಳು. ಅದನ್ನು ತೋರಿಸಿದಾಗ ಮೇಡಂ, "ಯಂತ್ರ ಎಲ್ಲಾ ಸುಳ್ಳಂತ ಅಲ್ಲ. ಯಾರ ಕೈಯಾಗ ಐತಿ, ಬಾಜೂಕ ಏನ್ ಮಾರಾಕತ್ತಾರ, ಅದನ್ನ ನೋಡ್ರಿ" ಎಂದರು. ನನಗೆ ಮಾತ್ರ ಹೆಮ್ಮೆಯಾಯಿತು. ಮೋಸವನ್ನು ವಾಸನೆ ಹಿಡಿಯಬಲ್ಲೆ ಎಂದುಕೊಂಡೆ. ಶೇವಂತವ್ವನ ವಿಷಯದಲ್ಲಿ ಈ ಹೆಮ್ಮೆಯೇ ಮುಳುವಾಯಿತು.

ಶೇವಂತವ್ವ ಐನಾಪುರದ ಕಡೆಯವಳು. ತೋಟದಲ್ಲೇ ಮನೆ. ಎರಡು ಎಮ್ಮೆ, ನಾಲ್ಕಾರು ಆಡು, ಒಂದಿಷ್ಟು ಕಬ್ಬು. ಮಗ ಕಬ್ಬಿನ ಹಂಗಾಮಿನಲ್ಲಿ ಉಗಾರ ಖುರ್ದದ ಕಾರ್ಖಾನೆಗೆ ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ವಾರಗಟ್ಟಲೆ ಮನೆಯಲ್ಲಿ ಇರುತ್ತಿರಲಿಲ್ಲ. ಮನೆಯಲ್ಲಿದ್ದವರು ಅವಳು ಮತ್ತು ಸೊಸೆ ಸುಜಾತಾ. ಮೊದಲ ಸಲ ಬಂದಾಗ ಅವಳಿಗೆ ಐವತ್ತೆಂಟು. ಬಲಗೈ ಮಣಿಕಟ್ಟು ಮುರಿದಿತ್ತು. ಕಬ್ಬಿನ ರವದಿಯ, ಒಣಗಿದ ಗರಿಯ, ಮೇಲೆ ಕಾಲು ಜಾರಿತು ಎಂದಳು. ನಾನು ಕೆ.ವಿ. ಆರು ಇಳಿಸಿದೆ, ಲಕೋಟೆಯ ಮೇಲೆ ಬರೆದೆ.

ಏಳು ತಿಂಗಳಿಗೆ ಮತ್ತೆ ಬಂದಳು. ಪಕ್ಕೆಲುಬು ಎರಡು. ಈ ಸಲ ಬಿದ್ದಿರಲಿಲ್ಲ.

"ಹೆಂಗ ಆತಬೇ?"

"ಕೆಮ್ಮಿದ್ನಿರೀ. ಕಟ್ ಅಂತು."

ಕೆಮ್ಮಿದರೆ ಪಕ್ಕೆಲುಬು ಮುರಿಯುತ್ತದೆಯೇ? ಎಲುಬು ಸವೆದಿದ್ದರೆ ಮುರಿಯುತ್ತದೆ. ಈಗ ನನಗೆ ಅದು ಗೊತ್ತು, ಆಗಲೂ ಗೊತ್ತಿರಬೇಕಿತ್ತು. ಆದರೆ ಅಂದು ನನ್ನ ಕಣ್ಣು ಅವಳ ತೋಳುಗಳ ಮೇಲಿತ್ತು. ಎರಡೂ ಮುಂಗೈಗಳ ಮೇಲೆ ನೀಲಿ, ನೇರಳೆ ಕಲೆಗಳು. ಯಾರೋ ಹಿಡಿದು ಹಿಂಡಿದಂತೆ. "ಇದೇನ?" ಎಂದು ಕೇಳಿದೆ. ಅವಳು ಸೆರಗು ಮುಚ್ಚಿಕೊಂಡಳು. ಬಾಗಿಲಲ್ಲಿ ಸೊಸೆ ನಿಂತಿದ್ದಳು, ಇಪ್ಪತ್ತೇಳರ ಗಟ್ಟಿಮುಟ್ಟಾದ ಹೆಂಗಸು. "ಅತ್ತಿ, ಲಗೂ ಮುಗಸ್ರಿ, ಎಮ್ಮಿ ಹಿಂಡೂ ಹೊತ್ತಾತು" ಎಂದಳು. ಆ ಮಾತಿನಲ್ಲಿ ಅವಸರ ಬಿಟ್ಟು ಬೇರೇನೂ ಇರಲಿಲ್ಲ. ನನಗೆ ಅದರಲ್ಲಿ ಎಲ್ಲವೂ ಕೇಳಿಸಿತು.

ಶೇವಂತವ್ವನನ್ನು ಒಬ್ಬಳನ್ನೇ ಒಳಗಿಟ್ಟುಕೊಂಡು, "ಸೊಸಿ ಕೈ ಮಾಡತಾಳೇನ?" ಎಂದು ಕೇಳಿದೆ.

"ಥೂ, ಏನ್ ಮಾತಾಡ್ತೀರಿ."

"ಮತ್ತ ಈ ಕಲಿ?"

ಅವಳು ಗೋಡೆ ನೋಡಿದಳು. "ಅದು ಹೇಳೂ ಮಾತಲ್ರಿ."

ಹೇಳುವ ಮಾತಲ್ಲ ಎಂದರೆ ನನ್ನ ಲೆಕ್ಕದಲ್ಲಿ ಒಂದೇ ಅರ್ಥ. ಮೇಡಂ ಅಂದು ಆಪರೇಷನ್ ಕೋಣೆಯಲ್ಲಿದ್ದರು. ಡ್ಯೂಟಿಯ ಸರದಿಯಲ್ಲಿದ್ದ ತರುಣ ವೈದ್ಯರಿಗೆ ಹೇಳಿದೆ, ಅವರು ಪೊಲೀಸರಿಗೆ ಹೋಗುವ ಕಾಗದದಲ್ಲಿ "ಹಲ್ಲೆಯ ಸಂಶಯ" ಎಂದು ಬರೆದರು. ಒಬ್ಬ ಪೇದೆ ತೋಟದ ಮನೆಗೆ ಹೋದ. ಅವನು ಅಲ್ಲಿ ಏನು ಮಾತಾಡಿದನೋ ನಾನು ಕೇಳಿಲ್ಲ. ಆಮೇಲೆ ಸುಜಾತಾ ಹೇಳಿದ್ದಿಷ್ಟು: ಅಂಗಳದಲ್ಲಿ ನಿಲ್ಲಿಸಿ ಅವಳ ಕೈಗಳನ್ನು ಮುಂದೆ ಚಾಚಿಸಿ ನೋಡಿದ, ಆಳುಗಳು ನೋಡುತ್ತಿದ್ದರು, ರಾಯಬಾಗದಿಂದ ಅವಳ ಅಣ್ಣ ಬಂದು "ನಡಿ ಮನಿಗಿ" ಎಂದ, ಅವಳು ಹೋಗಲಿಲ್ಲ. "ಹೋಗಿದ್ರ ಖರೇನ ಬಡದಂಗ ಆಗತಿತ್ತಲ್ರಿ" ಎಂದಳು.

ಮೂರನೆಯ ಸಲ ಅವರು ಬಂದದ್ದು ಬೇಸಿಗೆಯಲ್ಲಿ. ಎಮ್ಮೆಗೆ ನೀರಿನ ಬಕೆಟ್ಟು ಎತ್ತುವಾಗ ಶೇವಂತವ್ವನ ಬೆನ್ನಲ್ಲಿ ಚಳುಕು ಬಂದು, ನೆಟ್ಟಗೆ ನಿಲ್ಲಲಾಗದೆ ಹೋಗಿತ್ತು. ಬೆನ್ನಿನ ಚಿತ್ರ ಬೇಕೆಂದು ಚೀಟಿ. ಮೇಡಂ ಬಸ್ಸಿನ ಅವಸರದಲ್ಲಿ, ಮುಖವನ್ನೂ ಸರಿಯಾಗಿ ನೋಡದೆ ಚೀಟಿ ಬರೆದಿಟ್ಟು ಬೆಳಗಾವಿಗೆ ಮೂರು ದಿನದ ತರಬೇತಿಗೆ ಹೊರಟುಹೋದರು. ಬಂದ ಮೇಲೆ ನೋಡುತ್ತೇನೆ, ಅಲ್ಲಿಯತನಕ ಮಲಗಿರಲಿ ಎಂದಿದ್ದರು.

ಮೇಜಿನ ಮೇಲೆ ಮಲಗಿಸಿದಾಗ ಅವಳ ಮುಖ ನೋಡಿದೆ. ವರ್ಷದ ಹಿಂದೆ ಕೆನ್ನೆ ಒಳಗೆ ಹೋಗಿದ್ದ ಮುಖ ಈಗ ಹುಣ್ಣಿಮೆಯಂತೆ ಉಬ್ಬಿತ್ತು. ಹೊಟ್ಟೆ ದಪ್ಪ, ಕೈಕಾಲು ಕಡ್ಡಿ. "ಸೊಸಿ ಚೊಲೊ ಜ್ವಾಪಾನ ಮಾಡ್ಯಾಳ ಕಾಣತೈತಿ" ಎಂದು ಆಯಾ ನಕ್ಕಳು. ಲೋಹದ ವಸ್ತು ಏನಾದರೂ ಇದ್ದರೆ ತೆಗೆಯಬೇಕೆಂದು ಹೇಳಿದೆ. ಇಲ್ಲ ಎಂದಳು. ಚಿತ್ರ ತೆಗೆದೆ.

ಚಿತ್ರದಲ್ಲಿ ಎರಡು ಸಂಗತಿ ಕಂಡವು. ಸೊಂಟದ ಮೇಲಿನ ಒಂದು ಕಶೇರು, ಎಂದರೆ ಬೆನ್ನೆಲುಬಿನ ಒಂದು ಮಣಿ, ಮುಂದಿನಿಂದ ಕುಸಿದು, ಬಾಗಿಲಿಗೆ ಇಡುವ ಬೆಣೆಯ ಆಕಾರಕ್ಕೆ ಬಂದಿತ್ತು. ಅದರ ಕೆಳಗೆ, ಬೆನ್ನೆಲುಬಿನ ಮೇಲೆಯೇ, ಒಂದು ಬೆಳ್ಳಗಿನ ಗುಂಡನೆಯ ನೆರಳು. ಎಲುಬಿಗೆ ಅಂಥ ಅಂಚು ಇರುವುದಿಲ್ಲ.

"ಸೊಂಟದಾಗ ಏನ ಇಟ್ಕೊಂಡಿಬೇ?"

"ಏನಿಲ್ರಿ."

"ಏನಿಲ್ಲಂದ್ರ ಫೋಟೋದಾಗ ಹೆಂಗ ಬಂತು?"

ಅವಳು ಸೀರೆಯ ಒಳಗಂಟು ಬಿಚ್ಚಿ ಒಂದು ತಗಡಿನ ಡಬ್ಬಿ ತೆಗೆದಳು. ಸುಣ್ಣದ ಡಬ್ಬಿಯಷ್ಟು ದೊಡ್ಡದು. ಒಳಗೆ ಕಂದು ಬಣ್ಣದ ಪುಡಿ. ಮೊಣಕಾಲು ನೋವಿಗೆ ಎಂದಳು. ಸಂತೆಯ ದಿನ ಹೊಳೆಯಾಚೆಯಿಂದ ಮೋಟಾರ್ ಸೈಕಲ್ಲಿನ ಮೇಲೆ ಬರುವ ಒಬ್ಬ ಮನುಷ್ಯ ಕೊಡುತ್ತಿದ್ದನಂತೆ. ಬೇರಿನ ಪುಡಿ. ದಿನಾ ಮುಂಜಾನೆ ಒಂದು ಚಿಟಿಕೆ, ಬಿಸಿನೀರಿನಲ್ಲಿ. ಎರಡು ವರ್ಷದಿಂದ.

"ಮೊದಲನೇ ದಿನಾನ ನೋವು ಹೋತ್ರಿ. ಓಡ್ಯಾಡಿದ್ನಿ. ಆದ್ರ ಕೊಟ್ಟಾವ ಆಣಿ ಹಾಕ್ಯಾನ. ಔಷಧದ ಸುದ್ದಿ ಯಾರಿಗರೆ ಹೇಳಿದ್ರ ಅದರ ಗುಣ ಹೋಗತೈತಿ ಅಂತ. ಮನ್ಯಾಗೂ ಹೇಳಿಲ್ಲ. ಕೈ ನೀಲಿ ಆದ್ರ ಔಷಧ ಹತ್ತಿದ ಗುರುತು ಅಂದಿದ್ದ, ಅದಕ್ಕ ಆ ಕಲಿ ಸುದ್ದೀನೂ ಹೇಳಲಿಲ್ಲ. ಈಗ ನಿಮಗ ಹೇಳಿದ್ನಿ, ಇನ್ನ ಹತ್ತತೈತೊ ಇಲ್ಲೊ."

ನಮ್ಮ ಕಡೆ ಇದು ಹೊಸದಲ್ಲ. ನಾಟಿ ಔಷಧದ ಬೇರಿನ ಹೆಸರು ಹೇಳಬಾರದು, ತರುವಾಗ ಹಿಂದೆ ತಿರುಗಿ ನೋಡಬಾರದು ಎಂಬ ಮಾತುಗಳನ್ನು ನಮ್ಮವ್ವನೂ ಪಾಲಿಸುತ್ತಿದ್ದಳು. ಹಳೆಯ ವೈದ್ಯರು ಯಾಕೆ ಹಾಗೆ ಹೇಳುತ್ತಿದ್ದರೋ ಗೊತ್ತಿಲ್ಲ. ಈ ಮನುಷ್ಯನಿಗೆ ಆ ನಂಬಿಕೆ ಎಷ್ಟು ಉಪಯೋಗಕ್ಕೆ ಬಂದಿರಬೇಕೆಂಬುದು ಮಾತ್ರ ನನಗೆ ತಕ್ಷಣ ಹೊಳೆಯಿತು. ಆ ಆಣೆಯಿಂದಾಗಿ ಪುಡಿಯ ಸುದ್ದಿ ಸೊಸೆಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

ವೀಣಾ ಮೇಡಂ ಒಮ್ಮೆ ಹೇಳಿದ್ದರು. ಇಂಥ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ. ನೋವು ಮಾಯವಾಗುತ್ತದೆ, ಮುಖ ಉಬ್ಬುತ್ತದೆ, ಚರ್ಮ ತೆಳುವಾಗಿ ಮುಟ್ಟಿದಲ್ಲಿ ನೀಲಿಗಟ್ಟುತ್ತದೆ, ಒಳಗೊಳಗೆ ಎಲುಬು ಕರಗುತ್ತದೆ. ನಾನು ಅವಳ ಮುಖ ನೋಡಿದೆ, ಮುಂಗೈ ನೋಡಿದೆ, ಬೆಣೆಯಾದ ಎಲುಬು ನೋಡಿದೆ. ಎಲ್ಲ ಕೂಡಿತು. ಸುಜಾತಾಳ ಮೇಲಿನ ಸಂಶಯ ತಪ್ಪೆಂದು ಆ ಕ್ಷಣದಲ್ಲೇ ತಿಳಿಯಿತು. ನಾಚಿಕೆಯಾಗಬೇಕಿತ್ತು. ಆದದ್ದು ಖುಷಿ: ಕಳ್ಳ ಸಿಕ್ಕ.

"ಇದ ವಿಷ ಐತಿಬೇ" ಎಂದೆ. "ಇವತ್ತಿಂದ ಒಂದ್ ಚಿಟಿಕಿನೂ ಬಾಯಿಗೆ ಹಾಕಬ್ಯಾಡ."

"ನೋವು ಬಂದ್ರ?"

"ಬರಲಿ. ತಡಕೊ."

ಡಬ್ಬಿಯನ್ನು ತೆಗೆದುಕೊಂಡು ನನ್ನ ಮೇಜಿನ ಖಾನೆಯಲ್ಲಿಟ್ಟೆ, ಮೇಡಂ ಬಂದಾಗ ತೋರಿಸುವುದಕ್ಕೆ. ಸರದಿಯ ವೈದ್ಯರಿಗೆ ಹೇಳಲಿಲ್ಲ. ಹೇಳಿದರೆ ಪತ್ತೆ ಹಚ್ಚಿದ ಹೆಸರು ಅವರಿಗೆ ಹೋಗುತ್ತದೆ ಎಂಬ ಯೋಚನೆ ನನಗೆ ಇತ್ತೇ? ಇತ್ತು ಎಂದೇ ಬರೆಯುತ್ತೇನೆ. ಶೇವಂತವ್ವ ಆಸ್ಪತ್ರೆಯಲ್ಲಿ ಉಳಿಯಲು ಒಪ್ಪದೆ ಮನೆಗೆ ಹೋದಳು.

ನನಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ನಮ್ಮ ದೇಹ ತನಗೆ ಬೇಕಾದ ಸ್ಟಿರಾಯ್ಡನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೊರಗಿನಿಂದ ವರ್ಷಗಟ್ಟಲೆ ಬರುತ್ತಿದ್ದರೆ ಆ ಕೆಲಸ ಬಿಟ್ಟುಬಿಡುತ್ತದೆ. ಹೊರಗಿನದನ್ನು ಒಮ್ಮೆಲೇ ನಿಲ್ಲಿಸಿದರೆ ಒಳಗೆ ಏನೂ ಇರುವುದಿಲ್ಲ. ನಿಲ್ಲಿಸಬೇಕು ನಿಜ, ಆದರೆ ವೈದ್ಯರ ಕೈಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ, ತಿಂಗಳುಗಟ್ಟಲೆ.

ನಾಲ್ಕನೆಯ ದಿನ ಮುಂಜಾನೆ ಸುಜಾತಾ ಅವಳನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದಳು. ಎರಡು ದಿನದಿಂದ ವಾಂತಿ. ನಾಡಿ ಸಿಗುತ್ತಿರಲಿಲ್ಲ. ಕಣ್ಣು ತೆರೆದಿತ್ತು, ಕರೆದರೆ ಓ ಎನ್ನುತ್ತಿರಲಿಲ್ಲ. ಸರದಿಯ ವೈದ್ಯರು ಸಲೈನ್ ಹಚ್ಚಿದರು. ರಕ್ತದೊತ್ತಡ ಏರಲಿಲ್ಲ. ಅವರಿಗೆ ಹಳೆಯ ಕಾಗದ ನೆನಪಿತ್ತು. ಸುಜಾತಾಳ ಕಡೆ ತಿರುಗಿ, "ಏನ್ ತಿನ್ನಿಸಿದಿ?" ಎಂದರು.

"ಗಂಜಿ ಕೊಟ್ಟೇನ್ರಿ. ಅದೂ ಕಾರಕೊಂಡಾಳ."

"ಖರೆ ಹೇಳು. ಹಿಂದೂ ಒಂದ್ ಸಲ ಪೊಲೀಸರು ಬಂದಿದ್ರು ನಿಮ್ಮ ಮನಿಗಿ."

ವಾರ್ಡಿನ ಬಾಗಿಲಲ್ಲಿ ಜನ ಕೂಡಿದರು. ಯಾರೋ ಒಬ್ಬ ಹೆಂಗಸು, "ಸೊಸಿ ಅಂತ, ಮುದುಕೀಗೆ ಏನೊ ಹಾಕ್ಯಾಳಂತ" ಎಂದದ್ದು ನನಗೆ ಕೇಳಿಸಿತು. ಸುಜಾತಾ ಯಾರ ಮುಖವನ್ನೂ ನೋಡದೆ ಅತ್ತೆಯ ಪಾದ ತಿಕ್ಕುತ್ತ ಕೂತಿದ್ದಳು. ನಾನು ಬಾಗಿಲ ಪಕ್ಕದಲ್ಲಿ ನಿಂತಿದ್ದೆ. ಡಬ್ಬಿ ಆಚೆ ಕೋಣೆಯಲ್ಲಿ ನನ್ನ ಖಾನೆಯಲ್ಲಿತ್ತು. ನಾನೇ ಏನೋ ಮಾಡಿದ್ದೇನೆ ಎಂಬ ಅಂಜಿಕೆ ಹುಟ್ಟಿತ್ತು, ಏನೆಂದು ತಿಳಿದಿರಲಿಲ್ಲ. ಬಾಯಿ ಬಿಟ್ಟರೆ, ಚಿತ್ರ ತೆಗೆಯುವವನು ಔಷಧ ನಿಲ್ಲಿಸಿದ ಎಂದಾಗುತ್ತದೆ. ನೌಕರಿ ಇನ್ನೂ ಐದು ವರ್ಷ ಇತ್ತು. ಗೋಡೆಯ ಗಡಿಯಾರ ನೋಡಿದ್ದು ನೆನಪಿದೆ. ಅವಳನ್ನು ಹಾಸಿಗೆಗೆ ಹಾಕಿದಾಗ ಹತ್ತು ಗಂಟೆ ಮೂರು ನಿಮಿಷ. ನಾನು ಬಾಯಿ ಬಿಟ್ಟಾಗ ಹತ್ತು ಹದಿನಾಲ್ಕು. ಹನ್ನೊಂದು ನಿಮಿಷ ಒಬ್ಬಳು ಸಾಯುವುದನ್ನೂ, ಇನ್ನೊಬ್ಬಳು ಕೊಲೆಗಾತಿ ಆಗುವುದನ್ನೂ ನೋಡುತ್ತ ನಿಂತೆ.

ಬಾಯಿ ಬಿಟ್ಟದ್ದು ಧೈರ್ಯದಿಂದಲ್ಲ. ವೀಣಾ ಮೇಡಂ ತರಬೇತಿ ಮುಗಿಸಿ ಒಳಗೆ ಬಂದರು, ಹೆಗಲ ಮೇಲೆ ಇನ್ನೂ ಚೀಲ ಇತ್ತು, ಬಂದವರೇ ಮುಖ ನೋಡಿ, "ಈಕಿ ಏನರೆ ಔಷಧ ತಗೋತಿದ್ಲೇನ?" ಎಂದು ಕೇಳಿದರು. ಸುಜಾತಾ, "ಇಲ್ರಿ" ಎಂದಳು. ಅವಳ ಮಟ್ಟಿಗೆ ಅದು ಸತ್ಯ. ಆ "ಇಲ್ರಿ" ಮುಗಿಯುವುದರೊಳಗೆ ನಾನು, "ಹೌದ್ರಿ ಮೇಡಂ. ಪುಡಿ. ಎರಡ ವರ್ಷ. ನಾನ ಬಂದ್ ಮಾಡಸೇನಿ, ನಾಕ ದಿನ ಆತು" ಎಂದೆ.

ಅವರು ನನ್ನನ್ನು ನೋಡಲಿಲ್ಲ. ನರ್ಸಿಗೆ ಒಂದು ಇಂಜೆಕ್ಷನ್ನಿನ ಹೆಸರು ಹೇಳಿದರು, ಕೂಗಿಯೇ ಹೇಳಿದರು. ಅದು ಸ್ಟಿರಾಯ್ಡೇ. ರಕ್ತನಾಳಕ್ಕೆ ಕೊಟ್ಟರು. ಸಲೈನ್ ಜೋರಾಗಿ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಶೇವಂತವ್ವ ನೀರು ಕೇಳಿದಳು. ಕೇಳಿದ್ದು ಸುಜಾತಾಳನ್ನು.

ಸಂಜೆ ಮೇಡಂ ನನ್ನನ್ನು ಕರೆದರು. ಬೈಯುತ್ತಾರೆಂದುಕೊಂಡಿದ್ದೆ. ಡಬ್ಬಿಯನ್ನು ತೆರೆದು ಮೂಸಿ ಮುಚ್ಚಿದರು. "ಔಷಧ ಬಂದ್ ಮಾಡಸೂದು ನಿಮ್ಮ ಕೆಲಸ ಅಲ್ಲ. ಕಂಡದ್ದನ್ನ ಆಗಿಂದಾಗ ಹೇಳೂದು ನಿಮ್ಮ ಕೆಲಸ. ನೀವು ಎರಡನ್ನೂ ಅದಲ ಬದಲ ಮಾಡೀರಿ." ಆಮೇಲೆ, "ಸುಜಾತಾಗ ಏನ್ ಹೇಳತೀರಿ?" ಎಂದರು.

ನಾನು ವಾರ್ಡಿಗೆ ಹೋಗಿ, ಎಲ್ಲರಿಗೂ ಕೇಳುವಂತೆ, ಪೊಲೀಸ್ ಕಾಗದ ಬರೆಸಿದ್ದು ನಾನು, ಅದು ಸುಳ್ಳು ಎಂದೆ. ಸುಜಾತಾ ಅತ್ತೆಗೆ ಚಮಚದಲ್ಲಿ ಗಂಜಿ ಕೊಡುತ್ತಿದ್ದಳು. ತಿರುಗಿ ನೋಡದೆ, "ಆ ಪೇದೆಗೆ ಹೋಗಿ ಹೇಳ್ರಿ. ನಮ್ಮ ಅಂಗಳದಾಗ ನಿಂತು ಹೇಳ್ರಿ. ಇಲ್ಲಿ ನನ್ನ ಯಾರ ಗುರುತು ಹಿಡೀತಾರ?" ಎಂದಳು. ಮರುವಾರ ಪೇದೆಯನ್ನು ಕರೆದುಕೊಂಡು ಹೋಗಿ ಅವಳ ಅಂಗಳದಲ್ಲೇ ನಿಂತು ಹೇಳಿದೆ. ಆಳುಗಳು ಕಬ್ಬಿಗೆ ನೀರು ಹಾಯಿಸಲು ಹೋಗಿದ್ದರು. ಅವರು ಬರುವ ತನಕ ಕೂರಿಸಿಕೊಂಡು ಮತ್ತೊಮ್ಮೆ ಹೇಳಿಸಿದಳು.

ಪುಡಿಯನ್ನು ಪರೀಕ್ಷೆಗೆ ಕಳಿಸಿದೆವು. ಉತ್ತರ ನಾನು ನಿವೃತ್ತನಾಗುವವರೆಗೂ ಬರಲಿಲ್ಲ. ಆದ್ದರಿಂದ ಅದರಲ್ಲಿ ಸ್ಟಿರಾಯ್ಡ್ ಇತ್ತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಇಂಜೆಕ್ಷನ್ ಕೊಟ್ಟಾಗ ಅವಳು ಎದ್ದಳು, ಅಷ್ಟನ್ನು ಹೇಳಬಲ್ಲೆ. ಆ ಮನುಷ್ಯ ನಮ್ಮ ಸಂತೆಗೆ ಬರುವುದು ನಿಂತಿತು. ಬೇರೆ ಸಂತೆಗೆ ಹೋಗುತ್ತಿರಬಹುದು. ಅವನು ಈಗಲೂ ಎಲ್ಲಿಯೋ ಆಣೆ ಹಾಕಿಸುತ್ತಿದ್ದಾನೆ ಎಂದೇ ನನ್ನ ಸಂಶಯ.

ನನ್ನ ನೋಟುಬುಕ್ಕು ತೆಗೆದು ನೋಡಿದೆವು. ಆ ಸುತ್ತಿನ ಊರುಗಳಿಂದ ಬಂದ, ಪಟ್ಟಿಗಿಂತ ಆರೇಳು ಇಳಿಸಿದ ಹೆಂಗಸರ ಹೆಸರು ಹನ್ನೆರಡು ಸಿಕ್ಕವು. ಮೇಡಂ ಒಬ್ಬೊಬ್ಬರನ್ನೇ ಕರೆಸಿ ಮಾತಾಡಿಸಿದರು. ಕೆಲವರಲ್ಲಿ ಪುಡಿ, ಕೆಲವರು ಮೂವತ್ತೈದಕ್ಕೇ ಗರ್ಭಚೀಲ ತೆಗೆಸಿದ್ದರು, ಕೆಲವರ ಮನೆಯಲ್ಲಿ ನಾಲ್ಕು ಎಮ್ಮೆ ಇದ್ದೂ ಹಾಲೆಲ್ಲ ಡೇರಿಗೆ, ಅವರ ಪಾಲಿಗೆ ಕರಿ ಚಹಾ. ಅಂದಿನಿಂದ ನಮ್ಮಲ್ಲಿ ಐವತ್ತು ದಾಟಿದ ಹೆಂಗಸು ಸಣ್ಣದಾಗಿ ಬಿದ್ದು ಎಲುಬು ಮುರಿದುಕೊಂಡು ಬಂದರೆ, ಪ್ಲಾಸ್ಟರ್ ಹಾಕಿ ಸುಮ್ಮನೆ ಕಳಿಸುವುದು ನಿಂತಿತು. ಏನು ಔಷಧ ತಿನ್ನುತ್ತೀರಿ ಎಂದು ಒಬ್ಬರನ್ನೇ ಒಳಗೆ ಕೂರಿಸಿ ಕೇಳುವುದು ಶುರುವಾಯಿತು. ಬೈಯದೆ ಕೇಳಬೇಕು. ವಿಷ ಎಂದರೆ ಅವರು ಡಬ್ಬಿ ಮುಚ್ಚಿಡುತ್ತಾರೆ, ಇಲ್ಲವೇ ನನ್ನಂಥವನ ಮಾತು ಕೇಳಿ ಎಸೆದುಬಿಡುತ್ತಾರೆ.

ಶೇವಂತವ್ವ ಬದುಕಿದಳು, ಆದರೆ ಕೃತಜ್ಞಳಾಗಿ ಅಲ್ಲ. ಪುಡಿ ಹೋದ ಮೇಲೆ ಅದು ಮುಚ್ಚಿಟ್ಟಿದ್ದ ನೋವೆಲ್ಲ ಹೊರಗೆ ಬಂತು. ಸ್ಟಿರಾಯ್ಡ್ ಇಳಿಸುತ್ತ ಬಂದ ಎಂಟು ತಿಂಗಳೂ ಅವಳು ನನ್ನನ್ನು ಬೈದಳು. "ಆ ಪುಡಿ ಇದ್ದಾಗ ನಾ ಎರಡ ಕೊಡ ನೀರು ಹೊರತಿದ್ನಿ. ನೀವು ಬದುಕಸೀರಿ ಖರೆ, ಕುಂಡ್ರಿಸಿಬಿಟ್ರಿ." ಎಲುಬಿಗೆಂದು ಮೇಡಂ ವಾರಕ್ಕೊಂದು ಮಾತ್ರೆ ಕೊಟ್ಟಿದ್ದರು: ಖಾಲಿ ಹೊಟ್ಟೆಗೆ, ತುಂಬು ಗ್ಲಾಸ್ ನೀರಿನೊಂದಿಗೆ ನುಂಗಿ, ಅರ್ಧ ತಾಸು ಮಲಗದೆ ಕೂತಿರಬೇಕು. ಶೇವಂತವ್ವನಿಗೆ ಅದೂ ಸಂಶಯವೇ. "ಗುಳಗಿ ನುಂಗಿ ಕಾವಲ ಕುಂಡ್ರಬೇಕಂತ. ಮಲಗಿದ್ರ ಎದ್ದು ಓಡಿ ಹೋಗತೈತೇನ?"

"ಓಡಿ ಹೋಗೂದಿಲ್ಲ, ಗಂಟಲಾ ಸುಡತೈತಿ. ಸುಮ್ನ ಕುಂಡರ್ರಿ ಅತ್ತಿ" ಎಂದು ಸುಜಾತಾ ಗಡಿಯಾರ ಹಿಡಿದು ಎದುರಿಗೆ ಕೂರುತ್ತಿದ್ದಳು.

ಬೀಳದಂತೆ ನೋಡಿಕೊಳ್ಳುವುದು ಅರ್ಧ ಔಷಧ ಎಂದು ಮೇಡಂ ಹೇಳಿದ್ದನ್ನು ಅವಳು ತನ್ನದೇ ರೀತಿಯಲ್ಲಿ ಮಾಡಿದಳು. ಬಚ್ಚಲಿನ ಶಹಾಬಾದ್ ಕಲ್ಲು ನುಣ್ಣಗಾಗಿತ್ತು. ಬೀಸುಕಲ್ಲಿಗೆ ಟಾಕಿ ಹೊಡೆಯುವವರನ್ನು ಕರೆದು, ಉಳಿಯಿಂದ ಕಲ್ಲಿನ ತುಂಬ ಸಣ್ಣ ಸಣ್ಣ ತಗ್ಗು ಹೊಡೆಸಿದಳು. ಗೋಡೆಗೆ ಬೋರ್‌ವೆಲ್ಲಿನ ಹಳೆಯ ಪೈಪು ಹಿಡಿಕೆಯಾಯಿತು. ಡೇರಿಯ ಕ್ಯಾನು ತುಂಬುವ ಮೊದಲೇ ಎರಡು ಲೋಟ ಹಾಲು ತೆಗೆದಿಟ್ಟಳು, ಒಂದು ಅತ್ತೆಗೆ, ಒಂದು ತನಗೆ. "ನಾನೂ ಒಂದಿನ ಮುದುಕಿ ಆಗಾಕೀನ ಅಲ್ರಿ" ಎಂದಳು.

ನನ್ನ ನಿವೃತ್ತಿಗೆ ಎರಡು ತಿಂಗಳು ಇದ್ದಾಗ ಒಂದು ಮುಂಜಾನೆ ಅವರು ಮತ್ತೆ ಬಂದರು. ಆಡು ಹಾರಿ ಬಂದು ಶೇವಂತವ್ವನನ್ನು ಕೆಡವಿತ್ತು. ಎಡಗಡೆ ಸೊಂಟದ ಮೇಲೆಯೇ ಬಿದ್ದಿದ್ದಳು. ಈ ವಯಸ್ಸಿನಲ್ಲಿ ಸೊಂಟ ಮುರಿದರೆ ಎಷ್ಟೋ ಜನ ಮತ್ತೆ ಹಾಸಿಗೆ ಬಿಟ್ಟು ಏಳುವುದಿಲ್ಲ; ಅದನ್ನು ನಾನು ಬಹಳ ನೋಡಿದ್ದೆ. ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದೆ. ಚಿತ್ರ ತೆಗೆದೆ. ಪರದೆಯ ಮೇಲೆ ಎಲುಬು ಇಡಿಯಾಗಿ ಕಂಡಿತು. ನಂಬಲಿಲ್ಲ. ಕಾಲು ತಿರುಗಿಸಿ ಪಕ್ಕದಿಂದ ಇನ್ನೊಂದು ತೆಗೆದೆ. ಯಂತ್ರದ ತಿದ್ದುಪಡಿ ತೆಗೆದುಹಾಕಿ ನೋಡಿದೆ. ಮೇಡಂಗೆ ತೋರಿಸಿದೆ. ಅವರು ಎರಡನ್ನೂ ನಿಧಾನವಾಗಿ ನೋಡಿ, "ಮುರದಿಲ್ಲ" ಎಂದು ಹೇಳಿ ಹೊರರೋಗಿಗಳ ಕಡೆ ಹೋದರು. ನಾನು ಮತ್ತೆ ಪರದೆಗೆ ಮುಖ ಹಚ್ಚಿದೆ.

"ಇಲ್ಲ ಅಂದಮ್ಯಾಲ ಇನ್ನೇನ್ ನೋಡಾಕತ್ತಾರ ಇವ್ರು?" ಎಂದಳು ಶೇವಂತವ್ವ ಮಲಗಿದಲ್ಲಿಂದಲೇ.

"ಅವರಿಗೆ ಯಾರ ಮ್ಯಾಲೂ ನಂಬಿಕಿ ಇಲ್ರಿ ಅತ್ತಿ" ಎಂದಳು ಸುಜಾತಾ. "ನಿಮ್ಮ ಎಲುಬಿನ ಮ್ಯಾಲೂ ಇಲ್ಲ."

ಇಳಿಸಲು ನಾನು ಕೈ ಚಾಚಿದೆ. ಶೇವಂತವ್ವ ಬೇಡವೆಂದಳು. ಮೊದಲು ಪಕ್ಕಕ್ಕೆ ಹೊರಳಿದಳು, ಮೊಣಕೈ ಊರಿ ಎದ್ದು ಕೂತಳು, ಸ್ವಲ್ಪ ಹೊತ್ತು ಹಾಗೆಯೇ ಇದ್ದಳು, ಆಮೇಲೆ ಪಾದ ಊರಿದಳು. ಕೋಲು ಹಿಡಿದು ಬಾಗಿಲವರೆಗೆ ನಡೆದಳು. ಹೊರಗೆ ಆಯಾ ಆಗ ತಾನೇ ಪಡಸಾಲೆ ಒರೆಸಿ ಹೋಗಿದ್ದಳು, ನೆಲ ಹೊಳೆಯುತ್ತಿತ್ತು. ಶೇವಂತವ್ವ ಕೋಲಿನ ತುದಿಯಿಂದ ನೆಲವನ್ನು ಒಮ್ಮೆ ಒತ್ತಿ ನೋಡಿದಳು, ಕೋಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಹಸಿ ಐತಿ" ಎಂದಳು.

ಟಂಟಂದವನು ಹೊರಗಿನಿಂದ ಹಾರ್ನ್ ಹೊಡೆಯುತ್ತಿದ್ದ. ಸುಜಾತಾ, "ನಿಂದ್ರಲಿ ಬಿಡ್ರಿ" ಎಂದಳು. ಆ ನೆಲ ಆರುವ ತನಕ ನಾವು ಮೂವರೂ ಹೊಸ್ತಿಲ ಒಳಗೆ ನಿಂತೆವು.